ವರ್ಗವಾಗದ ಸಿಸ್ಟರ್

ನಮ್ಮ ಶಾಲೆಯ ಸಭಾಂಗಣದ ಗೋಡೆಯ ಮೇಲೆ ಸಾಲಾಗಿ ಫೋಟೊಗಳಿವೆ. ಎಲ್ಲರೂ ಕ್ರೈಸ್ತ ಸನ್ಯಾಸಿನಿಯರು, ನಮ್ಮ ಬಾಯಲ್ಲಿ ಸಿಸ್ಟರುಗಳು, ಎಲ್ಲರೂ ಮುಖ್ಯೋಪಾಧ್ಯಾಯಿನಿಯರಾಗಿದ್ದವರು. ಶಾಲೆಯ ಚರಿತ್ರೆ ಹೇಳಿ ಎಂದರೆ ಈಗಿನ ಆಡಳಿತ ಮಂಡಳಿಯವರು ಈ ಗೋಡೆಯ ಮುಂದೆ ನಿಂತು ಎಡದಿಂದ ಬಲಕ್ಕೆ ಒಪ್ಪಿಸಿಕೊಂಡು ಹೋಗುತ್ತಾರೆ: ಇವರ ಕಾಲದಲ್ಲಿ ಮಹಡಿ ಎದ್ದಿತು, ಇವರ ಕಾಲದಲ್ಲಿ ನಲ್ಲಿ ಬಂತು, ಇವರ ಕಾಲದಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿತ್ತು, ಇವರ ಕಾಲದಲ್ಲಿ ಆ ಬೀಗ ತೆಗೆದರು. ಕೇಳಿ ಕೇಳಿ ನನಗೆ ಮೈ ಉರಿಯುತ್ತದೆ. ಫೋಟೊದಲ್ಲಿರುವವರೆಲ್ಲ ಬಂದರು, ಕೆಲವು ವರ್ಷ ಇದ್ದರು, ವರ್ಗವಾಗಿ ಹೋದರು. ಹೋಗದೆ ಇದ್ದವಳು ಒಬ್ಬಳೇ. ಅವಳು ಮುಖ್ಯೋಪಾಧ್ಯಾಯಿನಿ ಆಗಲಿಲ್ಲ, ಹಾಗಾಗಿ ಫೋಟೊ ಇಲ್ಲ. ಆಗಿದ್ದರೂ ಫೋಟೊ ನೆಟ್ಟಗೆ ಬರುತ್ತಿರಲಿಲ್ಲ ಬಿಡಿ, ನಿಂತಲ್ಲಿ ನಿಲ್ಲುವ ಜಾಯಮಾನ ಅವಳದಲ್ಲ. ಅವಳು ನನ್ನ ಅತ್ತೆ, ಅಪ್ಪನ ಅಕ್ಕ.

ಶಾಲೆ ಶುರುವಾದದ್ದು ಒಂದು ಹಳೆಯ ಧಾನ್ಯದ ಉಗ್ರಾಣದಲ್ಲಿ. ಮೂವರು ಸಿಸ್ಟರುಗಳು ರೈಲಿನಿಂದ ಇಳಿದು ಬಂದು, ಅದನ್ನು ಗುಡಿಸಿ, ಇಲಿಗಳನ್ನು ಓಡಿಸಿ, ಹೆಣ್ಣುಮಕ್ಕಳನ್ನು ಕಳಿಸಿ ಎಂದು ಮನೆ ಮನೆಗೆ ಹೋದರಂತೆ. ಮುಂಬಾಗಿಲು ತಟ್ಟಿದರೆ ಗಂಡಸರು ಬಂದು ಬೇಡ ಎನ್ನುತ್ತಾರೆಂದು ಗೊತ್ತಾದ ಮೇಲೆ ಹಿತ್ತಲ ಬಾಗಿಲು ತಟ್ಟತೊಡಗಿದರು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ತಾಯಂದಿರು ಸೆರಗಿಗೆ ಕೈ ಒರೆಸಿಕೊಂಡು ಕೇಳಿಸಿಕೊಂಡರು. ಹಾಗೆ ಹಿತ್ತಲ ಬಾಗಿಲಿನಿಂದ ಶಾಲೆಗೆ ಬಂದ ಮೊದಲ ಹುಡುಗಿಯರಲ್ಲಿ ನಮ್ಮ ಅಜ್ಜಿಯೂ ಒಬ್ಬಳು. ಓದು ಬರಹ ಕಲಿತಳು, ಹೊಲಿಗೆ ಕಲಿತಳು, ಆಮೇಲೆ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡಿದ್ದ ಬೇಕರಿಯವನನ್ನೇ ಮದುವೆಯಾದಳು. ಸಿಸ್ಟರುಗಳ ಮಾತು ಬಂದಾಗಲೆಲ್ಲ ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ: "ನಂಗೆ ಅಕ್ಷರ ಕಲಿಸಿದ್ದೂ ಅವ್ರೇ, ನನ್ನ ಮಗಳನ್ನ ಕಿತ್ಕೊಂಡಿದ್ದೂ ಅವ್ರೇ."

ಅತ್ತೆ ಭಕ್ತಿಯಿಂದ ಸಿಸ್ಟರ್ ಆದಳೆಂದು ಊರವರು ತಿಳಿದಿದ್ದರು. ಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಬೆನ್ನಿಗೆ ಇನ್ನೊಂದು ಆಸೆ ಇತ್ತು, ಅದನ್ನು ಅವಳೇ ನನಗೆ ಹೇಳಿದ್ದು. ಸಣ್ಣವಳಿದ್ದಾಗ ಬೇಕರಿಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳಂತೆ. ಅಪ್ಪನನ್ನೋ ಗಂಡನನ್ನೋ ಕೇಳದೆ, ಕಾವಲಿಗೆ ತಮ್ಮನೊಬ್ಬನನ್ನು ಕಟ್ಟಿಕೊಳ್ಳದೆ, ತಮ್ಮ ಪೆಟ್ಟಿಗೆ ತಾವೇ ಎತ್ತಿಕೊಂಡು ರೈಲು ಹತ್ತುವ ಹೆಂಗಸರು ಎಂದರೆ ಊರಿನಲ್ಲಿ ಸಿಸ್ಟರುಗಳು ಮಾತ್ರ. ಸಮುದ್ರದ ಪಕ್ಕದ ಊರಿನಿಂದ ಒಬ್ಬರು ಬರುವರು, ಬೆಟ್ಟದ ಮೇಲಿನ ಊರಿಗೆ ಇನ್ನೊಬ್ಬರು ಹೋಗುವರು. ಕೆಲವು ವರ್ಷಕ್ಕೊಮ್ಮೆ ಅವರನ್ನು ಬದಲಿಸುವುದು ಅವರ ಮಠದ, ಅಂದರೆ ಕಾನ್ವೆಂಟಿನ, ಪದ್ಧತಿ. "ನಂಗೂ ಒಂದು ಪೆಟ್ಟಿಗೆ ಬೇಕಾಗಿತ್ತು ಕಣೇ, ಅಷ್ಟೇ" ಎಂದಿದ್ದಳು ಅತ್ತೆ. ಹತ್ತೊಂಬತ್ತರ ವಯಸ್ಸಿನಲ್ಲಿ ಮನೆ ಬಿಟ್ಟಳು, ತರಬೇತಿ ಮುಗಿಸಿದಳು, ವ್ರತ ತೆಗೆದುಕೊಂಡಳು. ಮೊದಲ ಕೆಲಸಕ್ಕೆ ಅವಳನ್ನು ಕಳಿಸಿದ್ದೆಲ್ಲಿಗೆ? ಬೇಕರಿಯ ಗೋಡೆಯ ಆಚೆ ಬದಿಗೆ.

ಊರವರೆಲ್ಲ ಅದೃಷ್ಟ ಎಂದರು. ಹುಟ್ಟಿದ ಊರಿಗೆ ಸಿಸ್ಟರುಗಳನ್ನು ಕಳಿಸುವುದು ಅಪರೂಪ. ಅತ್ತೆಯ ಮುಖ ಮಾತ್ರ ಸಪ್ಪಗಿತ್ತಂತೆ. ಇರಲಿ, ಮೂರು ವರ್ಷ, ಹೆಚ್ಚೆಂದರೆ ಆರು, ಆಮೇಲೆ ಹೇಗೂ ವರ್ಗ ಮಾಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು.

ಅವಳ ಪಾಠ ಭೂಗೋಳ. ಅವಳ ತರಗತಿಯಲ್ಲಿ ಕೂತು ಪಾಠ ಕೇಳಿದವರಿಲ್ಲ. ಬಾಗಿಲು ಉತ್ತರ, ಕಿಟಕಿ ಪೂರ್ವ, ಕಪ್ಪು ಹಲಗೆ ಮರುಭೂಮಿ ಎಂದು ಹೇಳಿ ನಮ್ಮನ್ನು ಎಬ್ಬಿಸಿ ನಡೆಸುವಳು. ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಬೀಸುತ್ತದೆಂದು ಕಲಿಸಲು ನಲವತ್ತು ಹುಡುಗಿಯರನ್ನು ಕಾರಿಡಾರಿನಲ್ಲಿ ಓಡಿಸಿ, ಪಕ್ಕದ ಗಣಿತದ ಟೀಚರಿಂದ ಬೈಸಿಕೊಳ್ಳುವಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಹುಡುಗಿಯರು ಅವಳಿಗೆ ಚಕ್ರದ ಸಿಸ್ಟರ್ ಎಂದೇ ಹೆಸರಿಟ್ಟಿದ್ದರು. ನಾನು ಅವಳ ತರಗತಿಗೆ ಹೋದ ಮೊದಲ ದಿನವೇ ಬಾಯಿ ತಪ್ಪಿ "ಅತ್ತೆ, ನೀರು ಕುಡಿದು ಬರ್ಲಾ?" ಎಂದುಬಿಟ್ಟೆ. ಇಡೀ ತರಗತಿ ಘೊಳ್ಳೆಂದಿತು. ಅತ್ತೆ ಹುಬ್ಬು ಗಂಟಿಕ್ಕಿ, "ಇಲ್ಲಿ ನಾನು ಯಾರಿಗೂ ಅತ್ತೆ ಅಲ್ಲ. ನಿನ್ನ ಗಂಡನ ಮನೇಲಿ ಹುಡುಕ್ಕೋ" ಎಂದಳು. ಆಮೇಲೆ ವರ್ಷವಿಡೀ ನನ್ನನ್ನು ಎಲ್ಲರೂ ಸೊಸೆ ಎಂದೇ ಕರೆದರು.

ಅವಳಿಂದ ಪಾಠ ಕಲಿತ ಹುಡುಗಿಯರು ಊರಿನಲ್ಲಿ ಉಳಿಯಲಿಲ್ಲ. ಒಬ್ಬಳು ಹಡಗಿನಲ್ಲಿ ಅಡುಗೆಯ ಮುಖ್ಯಸ್ಥೆ. ಒಬ್ಬಳು ಗಡಿಯಾಚೆ ರಸ್ತೆ ಅಳೆಯುವ ಕೆಲಸದಲ್ಲಿ. ಮೂರು ಬೀದಿಗಳಿಂದ ಹೋಗಿ ನರ್ಸಾದವರು ಮೂರು ದಿಕ್ಕಿನಲ್ಲಿ. ನಮ್ಮ ಶಾಲೆಗೆ ಹೆಸರು ಬಂದಿದ್ದರೆ ಮಹಡಿಯಿಂದಲೋ ನಲ್ಲಿಯಿಂದಲೋ ಬಂದದ್ದಲ್ಲ, ಹೀಗೆ ಹೋದ ಹುಡುಗಿಯರಿಂದ ಬಂದದ್ದು ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳುತ್ತೇನೆ. ರಜೆಗೆ ಬಂದವರು ಅತ್ತೆಯನ್ನು ನೋಡಲು ಬರುತ್ತಿದ್ದರು. ಅವಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವಳು: ಅಲ್ಲಿ ಮಣ್ಣಿನ ಬಣ್ಣ ಏನು, ಬೆಳಿಗ್ಗೆ ಎಷ್ಟು ಹೊತ್ತಿಗೆ ಬೆಳಕಾಗುತ್ತೆ, ನೀರು ಸಪ್ಪೆಯೋ ಉಪ್ಪೋ. ಅವರು ಹೋದ ಮೇಲೆ ಮೈದಾನದ ಸುತ್ತ ಒಬ್ಬಳೇ ದುಡುದುಡು ನಡೆಯುತ್ತಿದ್ದಳು.

ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ದೊಡ್ಡ ಮದರ್ ಬರುತ್ತಿದ್ದರು. ಎಲ್ಲ ಮಠಗಳ ಮೇಲ್ವಿಚಾರಣೆ ಅವರದು. ಕೆಲವು ವರ್ಷಕ್ಕೊಮ್ಮೆ ಆ ಜಾಗಕ್ಕೆ ಬೇರೆಯವರು ಬರುವರು, ಪದವಿ ಒಂದೇ. ಅವರು ಅತಿಥಿಗಳ ಕೋಣೆಯಲ್ಲಿ ಕೂತು ಒಬ್ಬೊಬ್ಬ ಸಿಸ್ಟರನ್ನೇ ಕರೆದು, ನೀವು ಇಲ್ಲೇ ಇರಿ, ನೀವು ಇಂಥ ಕಡೆಗೆ ಹೋಗಿ ಎಂದು ಹೇಳುವರು. ಇವರ ಮಠದಲ್ಲಿ ಒಂದು ನಿಯಮ: ಏನನ್ನೂ ತಾನಾಗಿ ಕೇಳಬಾರದು, ಹೇಳಿದ್ದನ್ನು ಬೇಡ ಎನ್ನಬಾರದು. ಬೇರೆ ಸಿಸ್ಟರುಗಳು ಈ ನಿಯಮವನ್ನು ಸ್ವಲ್ಪ ಸಡಿಲವಾಗಿಯೇ ಇಟ್ಟುಕೊಂಡಿದ್ದರು. ಕೆಮ್ಮು, ತೇವದ ಹವೆ, ವಯಸ್ಸಾದ ತಾಯಿ ಎಂದು ದಾರಿ ಹುಡುಕುವರು. ಅತ್ತೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಆ ವಾರ ಬಂತೆಂದರೆ ಅವಳಿಗೆ ಊಟ ಸೇರದು. ಕುಂಡದ ಗಿಡಗಳನ್ನು ಅವರಿವರಿಗೆ ಕೊಟ್ಟುಬಿಡುವಳು, ಚಪ್ಪಲಿಗೆ ಹೊಸ ಅಟ್ಟೆ ಹಾಕಿಸುವಳು. ಕೋಣೆಯೊಳಗೆ ಹೋಗುವಳು, ಬರುವಳು. ಆಮೇಲೆ ನೇರ ತರಗತಿಗೆ ಬಂದು, ಮಕ್ಕಳಿಲ್ಲದ ಆ ತರಗತಿಯಲ್ಲಿ ಬೆಂಚುಗಳನ್ನೆಲ್ಲ ದರದರ ಎಳೆದು ಬೇರೆ ದಿಕ್ಕಿಗೆ ತಿರುಗಿಸುವಳು. ಬೇಕರಿಯಲ್ಲಿ ಅಪ್ಪನಿಗೆ ಆ ಸದ್ದು ಕೇಳಿಸುತ್ತಿತ್ತು. "ನಿಮ್ಮತ್ತೆಗೆ ಈ ವರ್ಷಾನೂ ಇಲ್ಲೇ" ಎಂದು ಹಿಟ್ಟು ನಾದುತ್ತಾ ನಗುತ್ತಿದ್ದ. ಅವನಿಗೆ ಅದೊಂದು ಹಬ್ಬ.

ವರ್ಷಗಳು ಕಳೆದವು. ಅಜ್ಜಿ ನಾನು ಮೂರನೆಯ ತರಗತಿಯಲ್ಲಿದ್ದಾಗ ತೀರಿಕೊಂಡಳು. ನಾನು ಓದಿ ಅದೇ ಶಾಲೆಗೆ ಟೀಚರಾಗಿ ಬಂದೆ. ಹೊಸದಾಗಿ ಸಿಸ್ಟರ್ ಆಗುವವರೇ ಕಡಿಮೆಯಾಗಿ, ಮಠದಲ್ಲಿ ಉಳಿದವರು ಮೂವರು. ಇನ್ನಿಬ್ಬರಿಗೆ ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಕೊನೆಗೆ ಸುದ್ದಿ ಬಂತು: ಮಠವನ್ನು ಮುಚ್ಚುತ್ತಾರೆ, ಶಾಲೆಯನ್ನು ಟೀಚರುಗಳೂ ಪೋಷಕರೂ ಸೇರಿದ ಮಂಡಳಿಗೆ ಬಿಟ್ಟುಕೊಡುತ್ತಾರೆ, ಸಿಸ್ಟರುಗಳು ವಯಸ್ಸಾದವರ ವಿಶ್ರಾಂತಿ ಮನೆಗೆ. ಅದರ ಜೊತೆಗೇ ಇನ್ನೊಂದು ಸುದ್ದಿಯೂ ಬಂತು. ರೈಲಿನಲ್ಲಿ ಎರಡು ದಿನದ ದಾರಿ, ಒಂದು ಕಲ್ಲುಗಣಿಯ ಊರು. ಅಲ್ಲಿ ಕೆಲಸಗಾರರ ಮಕ್ಕಳಿಗೆ ಒಂದು ತಗಡಿನ ಶೆಡ್ಡಿನಲ್ಲಿ ಶಾಲೆ ತೆರೆಯುತ್ತಿದ್ದಾರೆ, ಇಬ್ಬರು ಎಳೆಯ ಸಿಸ್ಟರುಗಳಿದ್ದಾರೆ, ಅನುಭವವಿದ್ದ ಒಬ್ಬರು ಬೇಕು.

ಮಾರನೆಯ ದಿನ ಅತ್ತೆ ಟೀಚರುಗಳ ಕೋಣೆಗೆ ಬಂದಳು. ಬೇರೆಯವರಿದ್ದಾಗ ನಾನು ಅವಳಿಗೆ ಸಿಸ್ಟರ್, ನೀವು ಎನ್ನುವುದು. ಯಾರೂ ಇಲ್ಲದಿದ್ದರೆ ಅತ್ತೆ, ನೀನು. ಆಗ ಯಾರೂ ಇರಲಿಲ್ಲ. ಅವಳು ಕೂರಲಿಲ್ಲ. ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಕಿಟಕಿಗೆ ನಡೆದಳು. ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ಎತ್ತಿ ಇಟ್ಟಳು, ಮತ್ತೆ ಎತ್ತಿದಳು.

"ಏನತ್ತೆ, ಡಬ್ಬಿಗೂ ವರ್ಗಾನಾ?" ಎಂದೆ.

ಅವಳು ನಗಲಿಲ್ಲ. "ನಂಗೆ ಅಲ್ಲಿಗೆ ಹೋಗ್ಬೇಕು."

ಅವಳ ಬಾಯಲ್ಲಿ ಬೇಕು ಎನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ವಿಶ್ರಾಂತಿ ಮನೆಗಾಗಲಿ ಗಣಿಯ ಊರಿಗಾಗಲಿ ಅವಳು ಹೋಗುವುದು ನನಗೆ ಎಳ್ಳಷ್ಟೂ ಇಷ್ಟವಿರಲಿಲ್ಲ. ಅವಳಿಲ್ಲದ ಕಾರಿಡಾರನ್ನು ನೆನೆಸಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಆದರೂ ಆ ಮುಖ ನೋಡಿ ಹೇಳದೇ ಇರಲಾಗಲಿಲ್ಲ. "ಹಾಗಾದ್ರೆ ಕೇಳು."

"ಕೇಳೋ ಹಾಗಿಲ್ಲ."

"ಕೇಳ್ದೇ ಇದ್ರೆ ಅವ್ರಿಗೆ ಹೇಗೆ ಗೊತ್ತಾಗುತ್ತೆ?"

"ದೇವ್ರಿಗೆ ಗೊತ್ತಿದೆ."

"ದೇವ್ರಿಗೆ ಗೊತ್ತಿದೆ ಅತ್ತೆ, ಮದರ್‌ಗೆ ಗೊತ್ತಿಲ್ವಲ್ಲ!"

ಅವಳು ಡಬ್ಬಿಯನ್ನು ಟಪ್ಪೆಂದು ಇಟ್ಟಳು. "ಗೊತ್ತಿದ್ರೂ ಏನು? ಇಷ್ಟು ವರ್ಷ ಯಾರೂ ನನ್ನನ್ನ ಎಲ್ಲಿಗೂ ಕಳಿಸ್ಲಿಲ್ಲ. ಯಾಕೆ ಹೇಳು? ಇವಳು ಇನ್ನೆಲ್ಲೂ ಬಾಳಲ್ಲ, ಅಮ್ಮನ ಮನೆ ಗೋಡೆಗೆ ಒರಗಿಕೊಂಡೇ ಇರೋದಕ್ಕೆ ಲಾಯಕ್ಕು ಅಂತ. ನನ್ನ ಜೊತೆ ಬಂದವರು ಎಷ್ಟು ಊರು ನೋಡಿದ್ರು! ಈಗ ಬಾಯಿಬಿಟ್ಟು ಕೇಳಿ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಿಸ್ಕೋಬೇಕಾ ನಾನು?"

ಇಷ್ಟು ದಿನ ಅವಳನ್ನು ತಿನ್ನುತ್ತಿದ್ದದ್ದು ಇದೇ ಎಂದು ನನಗೆ ಆಗ ತಿಳಿಯಿತು. ಆಸೆ ಒಂದು ಕಡೆ ಇರಲಿ, ತಾನು ಕೈಲಾಗದವಳೆಂದು ಹಿರಿಯರು ತೀರ್ಮಾನ ಮಾಡಿಬಿಟ್ಟಿದ್ದಾರೆ ಎಂದು ಅವಳು ನಂಬಿದ್ದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದನ್ನು ಮೊದಲು ತೋರಿಸಬೇಕೆಂದು ಗೊತ್ತಾಗದೆ ಉತ್ತರ ಪತ್ರಿಕೆಗಳನ್ನು ಜೋಡಿಸುತ್ತಾ ಕೂತೆ.

ದೊಡ್ಡ ಮದರ್ ಬಂದರು. ಈ ಸಲದವರು ಅತ್ತೆಗಿಂತ ಚಿಕ್ಕವರು. ಹಿಂದೆ ಹೊಸ ಸಿಸ್ಟರಾಗಿ ನಮ್ಮ ಶಾಲೆಗೆ ಬಂದು ಅತ್ತೆಯ ಕೈಕೆಳಗೆ ಪಾಠ ಮಾಡುವುದನ್ನು ಕಲಿತವರು. ಇನ್ನಿಬ್ಬರು ಸಿಸ್ಟರುಗಳ ಸರದಿ ಮುಗಿಯಿತು. ಅತ್ತೆ ಕಾರಿಡಾರಿನಲ್ಲಿ ನಡೆಯುತ್ತಿದ್ದಳು, ನಾನು ಅವಳ ಹಿಂದೆ ಹಿಂದೆ. ಆಗ ಅಪ್ಪ, ಪ್ರತಿ ವರ್ಷದಂತೆ, ಅಡುಗೆಮನೆಯ ಬಾಗಿಲಿನಿಂದ ಕೇಕಿನ ಡಬ್ಬ ಹಿಡಿದುಕೊಂಡು ಬಂದ. ಮದರ್ ಬಂದಾಗ ಬೇಕರಿಯಿಂದ ಒಂದು ಕೇಕು ಕೊಡುವುದು ಅಜ್ಜಿಯ ಕಾಲದಿಂದಲೂ ನಡೆದುಬಂದದ್ದು. ಅದು ನಮ್ಮ ಮನೆಯವರ ಗೌರವ ಎಂದು ಅತ್ತೆಯೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಅಪ್ಪ ಮದರ್ ಕೂತಿದ್ದ ಕೋಣೆಯೊಳಗೆ ಹೋದ, ಬಾಗಿಲು ಹಾಕಿಕೊಂಡಿತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಾದ ಮೇಲೆ ಹೊರಗೆ ಬಂದ. ಮುಖ ಊರಗಲ. ಅತ್ತೆ ಆಗ ಕಾರಿಡಾರಿನ ಮೂಲೆ ತಿರುಗಿದ್ದಳು, ಅವನ ಕಣ್ಣಿಗೆ ಬಿದ್ದದ್ದು ನಾನು.

"ಬಾರೇ ಇಲ್ಲಿ" ಎಂದ. "ನಿಮ್ಮತ್ತೆ ಎಲ್ಲೂ ಹೋಗಲ್ಲ. ನಮ್ಮ ಮಹಡಿ ಮೇಲಿನ ಕೋಣೆ ಖಾಲಿ ಇದೆ, ಅಲ್ಲೇ ಇರ್ಲಿ, ಅಲ್ಲಿಂದ್ಲೇ ಸ್ಕೂಲಿಗೆ ಹೋಗಿ ಬರ್ಲಿ ಅಂತ ಹೇಳಿ ಒಪ್ಪಿಸಿದೆ."

"ನೀನು ಒಪ್ಪಿಸಿದ್ಯಾ?"

"ಮತ್ತಿನ್ಯಾರು? ಪ್ರತಿ ವರ್ಷ ಒಪ್ಪಿಸ್ತಾ ಇರೋದು ನಾನೇ ಅಲ್ವಾ. ಮೊದ್ಲು ನಿಮ್ಮಜ್ಜಿ, ಆಮೇಲೆ ನಾನು. ಕೇಕ್ ಇಟ್ಟು, ಎದುರಿಗೆ ಕೂತು, ನಮ್ಮಕ್ಕನ್ನ ಕಳಿಸ್ಬೇಡಿ ಮದರ್, ಇಲ್ಲಿ ತುಂಬಾ ಸುಖವಾಗಿದ್ದಾಳೆ ಅಂತೀನಿ. ಅವ್ರೂ ಪಾಪ, ಅವಳು ಎಲ್ಲಿಗೂ ಕಳಿಸಿ ಅಂತ ಯಾವತ್ತೂ ಕೇಳಿಲ್ಲ, ಅಂದ್ರೆ ಸುಖವಾಗೇ ಇದ್ದಾಳೆ ಅಂತಾರೆ. ಅಲ್ಲಿಗೆ ಮುಗೀತು."

ಅವನ ಬೆನ್ನ ಹಿಂದೆ ಅತ್ತೆ ನಿಂತಿದ್ದಳು. ಅವಳು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನನ್ನ ಕಣ್ಣು ಹೋದ ಕಡೆ ಅಪ್ಪನೂ ತಿರುಗಿದ. ಅವಳು ಅವನನ್ನು ದಾಟಿಕೊಂಡು, ಬಾಗಿಲು ತಟ್ಟದೆ, ಮದರ್ ಇದ್ದ ಕೋಣೆಯೊಳಗೆ ಹೋದಳು.

ಒಳಗೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಮದರ್ ಎದ್ದು ನಿಂತು ನಗುತ್ತಾ, "ಸಿಸ್ಟರ್, ನಿಮಗೆ ಒಳ್ಳೇ ಸುದ್ದಿ ಇದೆ" ಎಂದರಂತೆ.

"ಅದು ಆಮೇಲೆ. ನಾನು ಒಂದು ಕೇಳ್ಬೇಕು."

ಮದರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ನೀವಾ? ಏನನ್ನೂ ಕೇಳದೇ ಇರೋದು ಹೇಗೆ ಅಂತ ಹೊಸಬರಿಗೆ ಹೇಳುವಾಗ ನಾವು ನಿಮ್ಮ ಹೆಸರೇ ಹೇಳೋದು."

"ಹೇಳಿದ್ದು ಸಾಕು. ನನ್ನನ್ನ ಕಲ್ಲುಗಣಿ ಊರಿಗೆ ಕಳಿಸಿ."

"ನಿಮ್ಮ ಮೊಣಕಾಲು?"

"ಅದೂ ನನ್ನ ಜೊತೇಲೇ ಬರುತ್ತೆ."

ಮದರ್ ಮತ್ತೆ ಕುರ್ಚಿಯಲ್ಲಿ ಕೂತರಂತೆ. ಆಮೇಲೆ, "ಸಿಸ್ಟರ್, ನಿಮ್ಮನ್ನ ಬೇಕು ಬೇಕು ಅಂತ ಎಷ್ಟು ಮಠದವರು ಕೇಳಿದ್ರು ಗೊತ್ತಾ? ಸಮುದ್ರದ ಕಡೆಯವರು ಎರಡು ಸಲ ಕೇಳಿದ್ರು. ನೀವೇ ಇಲ್ಲಿಂದ ಕದಲೋಕೆ ಇಷ್ಟ ಪಡಲ್ಲ ಅಂತ ತಿಳ್ಕೊಂಡು ಎಲ್ಲರಿಗೂ ಇಲ್ಲ ಅಂದ್ವಿ. ನಿಮಗೆ ಒಳ್ಳೇದು ಮಾಡ್ತಿದ್ದೀವಿ ಅಂದ್ಕೊಂಡಿದ್ವಿ" ಎಂದರು. ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡಳಂತೆ. ಒಂದು ವರ್ಷ ಹೋಗಿ ನೋಡಿ ಎಂದು ಮದರ್ ಒಪ್ಪಿದರು. ಹೊರಡುವುದು ಮಾರನೆಯ ಬೆಳಿಗ್ಗೆಯ ರೈಲಿಗೆ.

ಸಂಜೆ ಅತ್ತೆ ಬೇಕರಿಗೆ ಬಂದಳು. ಸಿಸ್ಟರ್ ಆದ ಮೇಲೆ ಅವಳು ಒಳಗೆ ಕಾಲಿಟ್ಟದ್ದು ಅಜ್ಜಿ ತೀರಿಕೊಂಡ ದಿನ ಮಾತ್ರ. ಅಪ್ಪ ಟ್ರೇಗಳನ್ನು ಒರೆಸುತ್ತಿದ್ದ, ಅವಳನ್ನು ನೋಡಿದರೂ ನೋಡದವನಂತೆ ಒರೆಸಿದ್ದನ್ನೇ ಒರೆಸಿದ. ನಾನು ಅಂಗಡಿಯ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದೆ.

"ಒಂದು ಕೇಕಿಗೆ ಮಾರಿಬಿಟ್ಯಲ್ಲೋ ನನ್ನನ್ನ" ಎಂದಳು ಅತ್ತೆ.

"ಅಮ್ಮನಿಗೋಸ್ಕರ ಅಕ್ಕ. ಅಮ್ಮ ಅಳ್ತಿದ್ಲು."

"ಅಮ್ಮ ಹೋಗಿ ಎಷ್ಟು ವರ್ಷ ಆಯ್ತು?"

ಅಪ್ಪ ಇನ್ನೊಂದು ಟ್ರೇ ಎತ್ತಿಕೊಂಡ. ಅವಳು ಅಂಗಡಿಯೊಳಗೆ ಆ ತುದಿಯಿಂದ ಈ ತುದಿಗೆ ನಡೆದಳು. ಅಲ್ಲಿ ನಡೆಯಲು ಜಾಗವೇ ಇಲ್ಲ, ಹಿಟ್ಟಿನ ಮೂಟೆಗೆ ತಾಕಿ ತಾಕಿ ಅವಳ ಬಟ್ಟೆಯ ಅಂಚು ಬೆಳ್ಳಗಾಯಿತು. "ನಾನು ಕೈಲಾಗದವಳು ಅಂದ್ಕೊಂಡು ಬದುಕಿದ್ದೀನಿ ಕಣೋ. ಪ್ರತಿ ವರ್ಷ ಆ ಬಾಗಿಲಿಂದ ಹೊರಗೆ ಬಂದು, ನನ್ನಲ್ಲಿ ಏನು ಕಮ್ಮಿ ಇದೆ ಅಂತ ತಲೆ ಕೆಡಿಸ್ಕೊಂಡಿದ್ದೀನಿ. ನೀನು ಇಲ್ಲಿ ಬ್ರೆಡ್ ಮಾಡ್ಕೊಂಡು ನಗ್ತಿದ್ದೆ."

ಅಪ್ಪ ಟ್ರೇ ಕೆಳಗಿಟ್ಟ. ಐವತ್ತು ದಾಟಿದ ಗಂಡಸು, ಊರಿನವರೆಲ್ಲ ಹೆದರುವ ಬಾಯಿ, ತುಟಿ ಅದುರುತ್ತಿತ್ತು. "ನೀನು ಹೋದಾಗ ನಂಗೆ ಎಂಟು ವರ್ಷ. ನಂಗೆ ಊಟ ಮಾಡಿಸ್ತಾ ಇದ್ದಿದ್ದು ನೀನು, ಮಲಗಿಸ್ತಾ ಇದ್ದಿದ್ದು ನೀನು. ಬೆಳಿಗ್ಗೆ ಎದ್ದು ನೋಡಿದ್ರೆ ಇಲ್ಲ. ಯಾರೂ ಒಂದು ಮಾತು ಹೇಳ್ಲಿಲ್ಲ ನಂಗೆ."

"ನಾನು ಊರು ಬಿಟ್ಟು ಹೋದೆ ಕಣೋ, ನಿನ್ನನ್ನ ಬಿಟ್ಟು ಹೋಗ್ಲಿಲ್ಲ."

"ಎಂಟು ವರ್ಷದವನಿಗೆ ಅದೆರಡೂ ಒಂದೇ ಅಕ್ಕ."

ಅತ್ತೆ ನಡೆಯುವುದನ್ನು ನಿಲ್ಲಿಸಿದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ ಹೊಡೆದು, ಅಂಗಡಿ ಮುಚ್ಚಿದೆ ಎಂದುಕೊಂಡು ಮುಂದೆ ಹೋದರು. ಅಪ್ಪ ಒಲೆಯ ಕಡೆ ಮುಖ ಮಾಡಿ ನಿಂತ. ಅಲ್ಲಿಂದಲೇ, ತಿರುಗದೆ, ಬಹಳ ಸಣ್ಣ ದನಿಯಲ್ಲಿ ಹೇಳಿದ:

"ಹೋಗ್ಬೇಡ ಅಕ್ಕ."

ಅತ್ತೆ ಅವನ ಹತ್ತಿರ ಹೋಗಿ ಬೆನ್ನ ಮೇಲೆ ಕೈ ಇಟ್ಟಳು. ಅವಳ ಕಣ್ಣು ತುಂಬಿತ್ತು.

"ಈ ಮಾತನ್ನ ಒಂದೇ ಒಂದು ಸಲ ಮದರ್ ಹತ್ರ ಅಲ್ದೆ ನನ್ನ ಹತ್ರ ಹೇಳಿದ್ದಿದ್ರೆ, ಇಷ್ಟು ವರ್ಷ ನಾನು ಇಲ್ಲಿ ಸಂತೋಷವಾಗಿ ಇರ್ತಿದ್ದೆ ಕಣೋ" ಎಂದಳು. "ಈಗ ಹೋಗ್ತೀನಿ."

ಅವಳು ಬೆಳಿಗ್ಗೆಯ ರೈಲಿಗೆ ಹೊರಟಳು. ಅಪ್ಪ ಸ್ಟೇಷನ್ನಿಗೆ ಬಂದ, ಅವಳ ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟ, ರೈಲು ಕಣ್ಮರೆಯಾದ ಮೇಲೂ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ. ಆ ದಿನ ಅವನು ಒಲೆ ಹೊತ್ತಿಸಲಿಲ್ಲ. ಬ್ರೆಡ್ಡಿಗೆ ಬಂದವರನ್ನೆಲ್ಲ ನಾನೇ ಬಾಗಿಲಲ್ಲಿ ನಿಂತು ವಾಪಸು ಕಳಿಸಿದೆ.